ರೇಡಿಯೋಕ್ಕೆ ಉಡಿ ತುಂಬಿದ ದಿನ

ಮೈಂದರ್ಗಿ,
ಸೋಮವಾರ, ತಾ. ೧೧ ಜುಲೈ ೧೯೩೮

ಮುದ್ದಿನ ಮಗಳು ನೀಲಾಬಾಯಿಗೆ ನಿನ್ನ ಕಾಕಾ ಕಲ್ಲಣ್ಣನ ಮನಸ್ಸು ತುಂಬಿದ ಆಶೀರ್ವಾದ.

ನಿನ್ನ ಕೆಮ್ಮು ಹೇಗಿದೆ? ನಿನ್ನೆ ಸಂಜೆಯ ಹಾಡಿನಲ್ಲಿ ಅದು ಕೇಳಿಸಲಿಲ್ಲ, ಹಾಗಾಗಿ ವಾಸಿಯಾಗಿದೆ ಎಂದುಕೊಂಡಿದ್ದೇನೆ. ಆದರೂ ಮುಂಬಯಿಯ ಮಳೆಯಲ್ಲಿ ನೆನೆಯಬೇಡ. ಅಳಿಯ ಶಿವರಾಯರು ಆರಾಮವಾಗಿದ್ದಾರೆಯೇ? ಇಲ್ಲಿ ಮಳೆ ಹದವಾಗಿ ಬಿದ್ದು ಸಜ್ಜೆ, ತೊಗರಿ ಎರಡೂ ನಾಟಿವೆ. ನಿನ್ನ ಸೋದರತ್ತೆ ಅಕ್ಕನಾಗಮ್ಮನ ಮೊಣಕಾಲು ಮೊದಲಿನ ಹಾಗೇ ಇದೆ, ನಾಲಿಗೆಯೂ ಮೊದಲಿನ ಹಾಗೇ ಇದೆ. ನಿನ್ನ ಅಪ್ಪನ ಸುದ್ದಿಗೆ ಆಮೇಲೆ ಬರುತ್ತೇನೆ. ಕಥೆ ಹೇಳುವವನು ರಾಜನನ್ನು ಮೊದಲೇ ಕುದುರೆಯಿಂದ ಇಳಿಸಬಾರದು.

ಸೊಲ್ಲಾಪುರದ ನವಿ ಪೇಠದ ಭೀಮಶಾನ ಅರಿವೆ ಅಂಗಡಿಯ ವಿಳಾಸಕ್ಕೆ ನೀನು ಗುಟ್ಟಾಗಿ ಬರೆದ ಕಾಗದ ನನಗೆ ಮುಟ್ಟಿತು. ಭಾನುವಾರ ಸಂಜೆ ಆರೂಕಾಲಿಗೆ ಮುಂಬಯಿ ರೇಡಿಯೋದಲ್ಲಿ ತೀರಿಹೋದ ಅವ್ವನ ಬೀಸುವ ಪದ ಹಾಡುತ್ತೇನೆ, ಅಪ್ಪನ ಕಿವಿಗೆ ಬಿದ್ದರೆ ಸಾಕು ಎಂದು ಬರೆದಿದ್ದೆ. ಆರು ವರ್ಷದ ಹಿಂದೆ ನೀನು ಸೊಲ್ಲಾಪುರದ ಸಭೆಯಲ್ಲಿ ಹಾಡಿದಾಗ ನಿನ್ನ ಅಪ್ಪ, ನನ್ನ ಅಣ್ಣ, ಆಡಿದ ಮಾತು ನಿನಗೂ ಗೊತ್ತು, ನನಗೂ ಗೊತ್ತು: "ಹತ್ತು ಮಂದಿ ಮುಂದ ಹಾಡಿದ ಬಾಯಿ ನನ್ನ ಹೊಸ್ತಿಲ ದಾಟಿ ಒಳಗ ಬರೂದು ಬ್ಯಾಡ." ಅಂದಿನಿಂದ ಚನ್ನವೀರಪ್ಪನ ಮನೆಯಲ್ಲಿ ನಿನ್ನ ಹೆಸರು ಎತ್ತಿದವರಿಲ್ಲ. ಆ ಬಾಯಿಯನ್ನು ಹೊಸ್ತಿಲು ದಾಟಿಸುವುದು ಹೇಗೆ? ಭೀಮಶಾನಲ್ಲಿ ಹೊಸ ರೇಡಿಯೋ ಇತ್ತು. ಊರಿಗೆ ತಂದು ತೋರಿಸು ಎಂದು ಗಂಟುಬಿದ್ದೆ. ಅವನು ಒಪ್ಪಿ, ಶನಿವಾರ ಮೋಟರಿನಲ್ಲಿ ಬ್ಯಾಟರಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದ. ದಾರಿಯಲ್ಲಿನ ಕುಂಭಾರಿಯಲ್ಲಿ ಚಹಾಕ್ಕೆ ಸಹ ಇಳಿಯಲಿಲ್ಲವಂತೆ. ಅದರ ತಂತಿಯನ್ನು ಎತ್ತರಕ್ಕೆ ಕಟ್ಟಬೇಕು, ಊರಿನಲ್ಲಿ ನಮ್ಮ ಬೇವಿನ ಮರಕ್ಕಿಂತ ಎತ್ತರದ್ದು ಯಾವುದಿದೆ ಎಂದು ನಾನು ಅಣ್ಣನ ಮುಂದೆ ಸುಮ್ಮನೆ ಅಂದೆ. ಹೊಗಳಿದ್ದು ಮರವನ್ನು, ಉಬ್ಬಿದವನು ಅಣ್ಣ. ಪೆಟ್ಟಿಗೆ ನಮ್ಮ ಪಡಸಾಲೆಗೇ ಬಂತು.

ಭಾನುವಾರ ಬೆಳಗ್ಗೆ ಸನಾದಿ ಮೊದಲಾಯಿತು ನೋಡು, ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ಆಮೇಲೆ ಮರಾಠಿ ಅಭಂಗ, ಹಿಂದುಸ್ತಾನಿಯಲ್ಲಿ ಸುದ್ದಿ. ಸುದ್ದಿ ಓದುವವನು ಉಸಿರೇ ತೆಗೆದುಕೊಳ್ಳುವುದಿಲ್ಲ ಎಂದು ನೆರೆಮನೆಯ ಹಣಮವ್ವ ತಂಬಿಗೆ ನೀರು ತಂದು ಪೆಟ್ಟಿಗೆಯ ಮುಂದಿಟ್ಟಳು. ಬೆಳಗಿನದು ಮುಗಿದು ಪೆಟ್ಟಿಗೆ ಸುಮ್ಮನಾದಾಗ "ಊಟಕ್ಕ ಹೋಗ್ಯಾರ" ಎಂದು ಎಲ್ಲರಿಗೂ ತಾನೇ ಸಾರಿದಳು. ಮಧ್ಯಾಹ್ನ ಒಬ್ಬ ಹೆಣ್ಣುಮಗಳು ಕೂಸಿಗೆ ಏನು ಉಣ್ಣಿಸಬೇಕೆಂದು ಮರಾಠಿಯಲ್ಲಿ ಹೇಳಿದಳು. ಆರು ಹೆತ್ತ ಅಕ್ಕನಾಗಮ್ಮ ಪ್ರತಿ ಮಾತಿಗೂ ತಪ್ಪು ಹುಡುಕಿದಳು. ಒಕ್ಕಲುತನದ ಭಾಷಣ ಬಂದಾಗ ಪಕ್ಕದ ಹೊಲದ ಧೂಳಪ್ಪ, "ನಿಮ್ಮ ಮುಂಬೈದಾಗ ಎಷ್ಟು ಎಕರೆ ಐತ್ರಿ ಸಾಹೇಬ್ರ?" ಎಂದು ಕೇಳಿ, ಉತ್ತರ ಬರದಿದ್ದುದಕ್ಕೆ ಗೆದ್ದವನ ಹಾಗೆ ಮೀಸೆ ತಿರುವಿದ.

ನನ್ನ ಜೀವ ಮಾತ್ರ ಬ್ಯಾಟರಿಯಲ್ಲಿತ್ತು. ಬೇಕಾದದ್ದನ್ನಷ್ಟೇ ಕೇಳಿ ಆರಿಸಿದರೆ ಸಂಜೆಯವರೆಗೆ ಬರುತ್ತದೆ ಎಂದು ಭೀಮಶಾ ಹೇಳಿದ್ದ. ಆದರೆ ಗುಜರಾತಿ ಭಾಷಣ ಬಂತು, ಇಂಗ್ಲಿಷ್ ಬ್ಯಾಂಡು ಬಂತು, ಯಾರಿಗೂ ಅಕ್ಷರ ತಿಳಿಯದು. ಭೀಮಶಾ ಗುಂಡಿಗೆ ಕೈ ಹಾಕಿದರೆ ಅಣ್ಣ ತಡೆದ. "ಮನಿಗೆ ಬಂದವರು ಮಾತಾಡೂ ಮುಂದ ಬಾಯಿ ಮುಚ್ಚಸೂದು ನಮ್ಮ ಮನಿತನದಾಗ ಇಲ್ಲ." ಪೆಟ್ಟಿಗೆಯೊಳಗಿನವರೆಲ್ಲ ಅವನಿಗೆ ಅತಿಥಿಗಳು. ಕಾರಣ ಹೇಳಲಾರೆ, ಸುಮ್ಮನಿರಲಾರೆ. ಆರು ಗಂಟೆಯ ಹೊತ್ತಿಗೆ ದನಿ ಗುಂಗಾಡು ಸೊಳ್ಳೆಯಷ್ಟು ಸಣ್ಣದಾಗಿತ್ತು. ಭೀಮಶಾ ನನ್ನ ಮುಖ ನೋಡಿದ, ನಾನು ಬೇವಿನ ಮರ ನೋಡಿದೆ. ಕೊನೆಗೆ ನಾನೇ, "ಅಣ್ಣಾ, ಅತಿಥಿ ದಣದಾರ. ಕಿವಿ ಹಚ್ಚಿ ಕೇಳಿದರಷ್ಟ ಕೇಳಸ್ತದ" ಎಂದೆ. ಮನೆಯ ಯಜಮಾನ, ಅವನೇ ಹತ್ತಿರ ಸರಿದು ಪೆಟ್ಟಿಗೆಗೆ ಕಿವಿಯಾನಿಸಿದ.

ಆಗ ನಿನ್ನ ಹೆಸರು ಹೇಳಿದರು. ಮಗಳೇ, ಅಷ್ಟು ಮಂದಿಯ ಕಣ್ಣೂ ಅಣ್ಣನ ಮೇಲೆ ನೆಟ್ಟಿತು. ಅಣ್ಣ ಏಳುತ್ತಾನೆ ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ. ಅವನು ಏಳಲಿಲ್ಲ. ನೀನು ಹಾಡಿದೆ, ನಿನ್ನ ಅವ್ವ ಪಾರ್ವತಿ ವೈನಿ ಬೀಸುವ ಕಲ್ಲಿನ ಮುಂದೆ ಕುಳಿತು ಎಳೆಯುತ್ತಿದ್ದ ಅದೇ ರಾಗ. ಅಷ್ಟರಲ್ಲಿ ಅಕ್ಕನಾಗಮ್ಮ ಮೊಣಕಾಲು ಮರೆತು ಎದ್ದಳು. ಮೊರದಲ್ಲಿ ಅರಿಸಿನ, ಕುಂಕುಮ, ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ಖಣ ತಂದವಳೇ ಪೆಟ್ಟಿಗೆಯ ಹಣೆಗೆ ಕುಂಕುಮ ಹಚ್ಚಿ, ಮುಂದೆ ಖಣ ಹಾಸಿ, ಐದು ಬೊಗಸೆ ಅಕ್ಕಿ ಹಾಕಿ ಉಡಿ ತುಂಬಿಬಿಟ್ಟಳು. ಅಕ್ಕಿ ಒಳಗೆ ಹೋಗುತ್ತದೆ ಎಂದು ಭೀಮಶಾ ಬಡಕೊಂಡರೆ, "ಆರು ವರ್ಷಕ್ಕ ತವರಿಗೆ ಬಂದಾಳ, ಬರೇ ಉಡಿಲೆ ಕಳಸಲೇನ?" ಎಂದು ಗದರಿದಳು. ಪದ ಮುಗಿಯಿತು. ಅದರ ಬೆನ್ನಿಗೇ ಬ್ಯಾಟರಿಯೂ ಮುಗಿಯಿತು.

ಅಕ್ಕ ತಮ್ಮನ ಕಡೆ ತಿರುಗಿದಳು. "ಚನ್ನವೀರಾ, ನಿನ್ನ ಮನ್ಯಾಗ ಉಡಿ ತುಂಬಿಸಿಕೊಂಡಾಕಿ ಹೊರಗಿನಾಕಿ ಹ್ಯಾಂಗ ಆಗ್ತಾಳ, ಹೇಳು." ಅಣ್ಣ ಪೆಟ್ಟಿಗೆಯಿಂದ ಕಿವಿ ತೆಗೆಯದೆಯೇ, "ಕಡೀ ನುಡಿ ಬಿಟ್ಟಾಳ" ಅಂದ.

ನಿನ್ನ ತಪ್ಪಲ್ಲ. ಪದದ ಆ ಕಡೆಯ ನುಡಿಯಲ್ಲಿ ವೈನಿ ಗಂಡನ ಹೆಸರು ಸೇರಿಸಿ ಹಾಡುತ್ತಿದ್ದಳಂತೆ. ಮಕ್ಕಳೆಲ್ಲ ಮಲಗಿರುವಾಗ, ನಸುಕಿನಲ್ಲಿ, ಹೊರಸಿನ ಮೇಲೆ ಮಲಗಿದ ಗಂಡ ಎಚ್ಚರವಿದ್ದಾನೆಂದು ಗೊತ್ತಿದ್ದೂ ಗೊತ್ತಿಲ್ಲದವಳಂತೆ. ಅದನ್ನು ಕೇಳಿದವನು ಅವನೊಬ್ಬನೇ. ನಿನ್ನೆ ಅದನ್ನು ಅವನೇ ಹಾಡಿದ, ನೀಲಾ. ಹತ್ತು ಮಂದಿಯಲ್ಲ, ಇಡೀ ಊರಿನ ಮುಂದೆ, ಒಡಕು ದನಿಯಲ್ಲಿ, ತನ್ನ ಹೆಸರು ಬಂದಲ್ಲಿ ಹೊಸ ಮದುಮಗನ ಹಾಗೆ ನಾಚಿಕೊಂಡು. ಧೂಳಪ್ಪ ತಡೆಯಲಾರದೆ, "ಯಜಮಾನ್ರ, ಈ ಬಾಯಿ ಹೊಸ್ತಿಲ ಒಳಗ ಇರಬೇಕೋ, ಹೊರಗ ಹೋಗಬೇಕೋ?" ಎಂದ. ಮೊದಲು ನಕ್ಕವನು ಅಣ್ಣ.

ಭೀಮಶಾ ಇಂದು ಬೆಳಗ್ಗೆ ಪೆಟ್ಟಿಗೆಯನ್ನು ಬೋರಲು ಹಾಕಿ ಅಕ್ಕಿಕಾಳು ಉದುರಿಸುತ್ತ ಕೂತಿದ್ದ. ಕುಂಕುಮ ಒರೆಸಲು ಅಕ್ಕನಾಗಮ್ಮ ಬಿಡಲಿಲ್ಲ, ಹಾಗೇ ಸೊಲ್ಲಾಪುರಕ್ಕೆ ಹೊರಟಿದೆ.

ಅಳಿಯಂದಿರಿಗೆ ನನ್ನ ಶರಣು ಹೇಳು. ನಿನ್ನ ಕಂಠ ಹೀಗೇ ತಣ್ಣಗಿರಲಿ, ನಿನ್ನ ಮನೆ ತುಂಬಿರಲಿ.

ನಿನ್ನ ಕಾಕಾ,
ಕಲ್ಲಣ್ಣ

ತಾ. ಕ.: ಮೋಟರು ಹೊರಡಲು ನಿಂತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಆ ಕಡೆಯ ನುಡಿಯನ್ನು ನಿನಗೆ ಬರೆದು ಕಳಿಸೋಣವೆಂದಿದ್ದೆ, ಅಣ್ಣ ಬರೆಯುವ ಟಾಕನ್ನೇ ಕಸಿದುಕೊಂಡ. "ಕಾಗದದಾಗ ಬ್ಯಾಡ. ಪಂಚಮಿಗೆ ಬಂದು ಅವರವ್ವನ ಕಲ್ಲಿನ ಮುಂದ ಕೂತು ಕಲೀಲಿ" ಅಂದ. ಉಡಿಯ ಅಕ್ಕಿ, ಹಸಿರು ಖಣ ಎರಡನ್ನೂ ತನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ್ದಾನೆ. ಯಾವ ಗಾಡಿಗೆ ಬರುತ್ತೀ ಎಂದು ತಿಳಿಸು. ಅಕ್ಕಲಕೋಟ ರೋಡ್ ಸ್ಟೇಷನ್ನಿಗೆ ಚಕ್ಕಡಿ ಹೊಡೆದುಕೊಂಡು ತಾನೇ ಬರುತ್ತಾನಂತೆ.