ಬೊಲೋನ್ಯಾದಲ್ಲಿ ಇಪ್ಪತ್ತೆರಡು ನಿಮಿಷ

ಸೆನಿಗಾಲಿಯಾ,
೧೪ ಮಾರ್ಚ್ ೧೯೯೬

ಪ್ರೀತಿಯ ಮಾರ್ಜಿಯಾ,

ನೀನೂ ಲವೀನಿಯಾಳೂ ಕ್ಷೇಮವೆಂದು ನಂಬಿದ್ದೇನೆ. ಸೋಮವಾರವೇ ಬರೆಯಬೇಕಿತ್ತು, ತಡವಾಯಿತು, ಕ್ಷಮಿಸು. ಕೋಪ ಇಳಿಯಲಿ ಎಂದು ಕಾದೆ. ನಿನ್ನದಲ್ಲ, ನನ್ನದು. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಯಾರಿಗೂ ಏನೂ ಕೇಳಿಸುವುದಿಲ್ಲ.

ಇಲ್ಲಿಯ ಸುದ್ದಿ ಹೆಚ್ಚಿಲ್ಲ. ಮಗರಾಯ ಕೊರ್ರಾದೊ ಹಡಗಿನಲ್ಲಿದ್ದಾನೆ. ನೀವಿಬ್ಬರೂ ಬೇರೆಯಾದ ಮೇಲೆ ಗ್ರೀಸಿನ ಪಾಳಿಯನ್ನೇ ಕೇಳಿ ಹಾಕಿಸಿಕೊಳ್ಳುತ್ತಾನೆ. ತಿಂಗಳಿಗೊಮ್ಮೆ ಮಗಳು ಬಂದಾಗ ಮಾತ್ರ ಎರಡು ದಿನ ಮನೆಯಲ್ಲಿರುತ್ತಾನೆ, ಭಾನುವಾರ ಬೆಳಿಗ್ಗೆ ಬಂದರಿಗೆ ಹೊರಟುಬಿಡುತ್ತಾನೆ. ಅದಕ್ಕೇ ಅವಳನ್ನು ವೆರೋನಾದಿಂದ ಕರೆತಂದು ಮರಳಿ ಬಿಡುವ ಕೆಲಸ ನನ್ನದಾಯಿತು.

ಭಾನುವಾರದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಮ್ಮ ರೈಲು ಬೊಲೋನ್ಯಾಕ್ಕೆ ಸರಿಯಾದ ಹೊತ್ತಿಗೇ ಬಂತು. ವೆರೋನಾದ ರೈಲಿಗೆ ಇಪ್ಪತ್ತೆರಡು ನಿಮಿಷವಿತ್ತು. ಹಳಿಗಳ ಕೆಳಗಿನ ಸುರಂಗದ ಮೆಟ್ಟಿಲಿಳಿದು ಮೂರನೇ ಪ್ಲಾಟ್‌ಫಾರಂಗೆ ಹತ್ತಿದೆವು. ಲವೀನಿಯಾ ಬೆಂಚಿನ ಮೇಲೆ ಕೂತು ಆಮ್ಲೆಟ್ ಇಟ್ಟ ಬ್ರೆಡ್ ತಿಂದಳು. ಹೊತ್ತು ಮೀರಿತು, ರೈಲಿಲ್ಲ. ಕಸ ಗುಡಿಸುತ್ತಿದ್ದವನನ್ನು ಕೇಳಿದೆ.

"ವೆರೋನಾಕ್ಕಾ ಅಮ್ಮಾ? ಅದು ಪಶ್ಚಿಮದ ಮೂರು. ಇದು ಬರೀ ಮೂರು," ಅಂದ.

"ಎಷ್ಟು ದೂರ?"

"ಓಡೋರಿಗೆ ಐದು ನಿಮಿಷ. ನಿಮಗಾದ್ರೆ ಮುಂದಿನ ರೈಲೇ."

ಆ ನಿಲ್ದಾಣದಲ್ಲಿ ಮೂರನೇ ಪ್ಲಾಟ್‌ಫಾರಂ ಎರಡಿವೆ ಎಂದು ನನಗೆ ಗೊತ್ತಿಲ್ಲದೆ ಇಲ್ಲ. ಮೂವತ್ತೊಂದು ವರ್ಷ ಇಲ್ಲಿಯ ಟಿಕೆಟ್ ಕಿಟಕಿಯಲ್ಲಿ ಕೂತು, "ಪಶ್ಚಿಮ ಅಂತ ಬರ್ದಿದೆಯಾ ನೋಡ್ಕೊಳ್ಳಿ" ಎಂದು ಊರಿಗೆಲ್ಲ ಬುದ್ಧಿ ಹೇಳಿದವಳು ನಾನೇ. ಎರಡು ಗಂಟೆ ಕಾದೆವು. ಸರದಿಯಲ್ಲಿ ನಿಂತು ನಿನ್ನ ಮನೆಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ನೀನು ಆಗಲೇ ನಮ್ಮನ್ನು ಇಳಿಸಿಕೊಳ್ಳಲು ಹೊರಟಿದ್ದೆ.

ನಾವು ವೆರೋನಾದಲ್ಲಿ ಇಳಿದಾಗ ನಿನ್ನ ಮುಖದಲ್ಲಿ ರಕ್ತವಿರಲಿಲ್ಲ. "ಅಷ್ಟು ವರ್ಷ ರೈಲ್ವೆಲಿದ್ದು ಒಂದು ಬೋರ್ಡ್ ನೋಡೋಕಾಗ್ಲಿಲ್ವಾ ಅತ್ತೆ? ಮಗು ಎಲ್ಲೋಯ್ತು ಅಂತ ಪೊಲೀಸರ ಹತ್ರ ಹೋಗಿದ್ದೆ. ಸಾಕು. ಇನ್ನು ಅವಳು ಅಲ್ಲಿಗೆ ಬರಲ್ಲ," ಅಂದೆ. ನಾನು "ನೋಡಿದ್ದೆ" ಎಂದಷ್ಟೇ ಹೇಳಿದೆ. ನಿನ್ನ ಜಾಗದಲ್ಲಿ ನಾನಿದ್ದರೆ ಇನ್ನೂ ಎರಡು ಮಾತು ಹೆಚ್ಚೇ ಆಡುತ್ತಿದ್ದೆ.

ಈಗ ಕೇಳುವುದು ಇಷ್ಟೇ. ಏಪ್ರಿಲಿನಲ್ಲಿ ಮಗುವನ್ನು ಕಳುಹಿಸು. ಬೊಲೋನ್ಯಾದಲ್ಲಿ ಒಂದು ಗಂಟೆ ಬಿಡುವು ಸಿಗುವ ರೈಲನ್ನೇ ಹಿಡಿಯುತ್ತೇನೆ. ಅವಳು ಬರದಿದ್ದರೆ ಕೊರ್ರಾದೊ ದಡಕ್ಕೇ ಇಳಿಯುವುದಿಲ್ಲ. ನನಗೂ ಅವಳಿಲ್ಲದೆ ಆಗುವುದಿಲ್ಲ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಮಗುವಿಗೆ ನನ್ನ ಮುತ್ತು.

ಕೋರ್ಟಿನ ಕಾಗದ ಏನೇ ಹೇಳಲಿ, ನಿನ್ನ ಅತ್ತೆ,
ಒತ್ತಾವಿಯಾ

ತಾ.ಕ.: ಲಕೋಟೆಗೆ ಹಾಕಿದ್ದನ್ನು ಮತ್ತೆ ತೆಗೆದೆ. ಬೋರ್ಡ್ ನೋಡಿದ್ದು ನಿಜ, ಓದಿದ್ದು ನಾನಲ್ಲ. ಸೆಪ್ಟೆಂಬರಿನಿಂದ ನನ್ನ ನೋಟದ ನಡುವೆ ಒಂದು ಕಪ್ಪು ಕಲೆ. ಯಾವುದನ್ನು ನೆಟ್ಟಗೆ ನೋಡಿದರೂ ಅದೇ ಕಾಣಿಸುವುದಿಲ್ಲ. ಈ ಕಾಗದವನ್ನೂ ಓರೆಗಣ್ಣಿನಲ್ಲೇ ಬರೆದೆ. ಗುಣವಾಗುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಒಬ್ಬಳೇ ಇದ್ದಾಗ ಅವರಿವರನ್ನು ಕೇಳಿ ರೈಲು ಹತ್ತುತ್ತೇನೆ. ಲವೀನಿಯಾ ಜೊತೆಗಿದ್ದರೆ ಬೋರ್ಡ್ ಓದುವವಳು ಅವಳು, ಮೆಟ್ಟಿಲು ಬಂದಾಗ ನನ್ನ ಕೈ ಒತ್ತುವವಳೂ ಅವಳೇ. "ಅಪ್ಪಂಗೂ ಅಮ್ಮಂಗೂ ಹೇಳ್ಬೇಡ, ಹೇಳಿದ್ರೆ ನಮ್ಮಿಬ್ರನ್ನ ಒಟ್ಟಿಗೆ ಬಿಡಲ್ಲ" ಎಂದು ಏಳು ವರ್ಷದ ಮಗುವಿನ ಬಾಯಿ ಕಟ್ಟಿದವಳು ನಾನು. ಭಾನುವಾರ ಅವಳು ಮೂರು ಎಂದು ಓದಿದಳು, ಪಕ್ಕದ 'ಪಶ್ಚಿಮ'ವನ್ನು ಬಿಟ್ಟಳು. ನೀನು ರೇಗುತ್ತಿದ್ದಾಗ ನನ್ನ ಕೋಟಿನ ಹಿಂದೆ ಅಡಗಿ ನಿಂತಿದ್ದಳು. ಆಗಲೂ ಗುಟ್ಟು ಬಿಡಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ತಪ್ಪು ಅವಳದಲ್ಲ ಎಂದು ಅವಳಿಗೆ ಹೇಳು. ಏಪ್ರಿಲಿನಲ್ಲಿ ಅವಳನ್ನು ನನ್ನ ಜೊತೆ ಕಳುಹಿಸಬೇಡ.