ಎಡ ಮೊಣಕೈಯ ತೇಪೆ

ಫೆಬ್ರವರಿ 3, ಸೋಮವಾರ

ಎರಡು ಪ್ಯಾಂಟು ಗಿಡ್ಡ ಮಾಡಿದೆ. ಒಂದು ಜಿಪ್. ಮದುವಣಿಗನ ಕೋಟಿನ ಟ್ರಯಲ್ ಇತ್ತು — ಅಳತೆ ಕೊಟ್ಟ ಮೇಲೆ ಎರಡು ಇಂಚು ಉಬ್ಬಿದ್ದಾನೆ, ತಪ್ಪು ನನ್ನದಂತೆ. ಇರಲಿ. ಲೈನಿಂಗ್ ಬಿಚ್ಚಿ ಸಡಿಲ ಮಾಡಬೇಕು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಅಕ್ಕ ಟಿವಿ ಜೋರು ಮಾಡಿದಳು. ತೇಪೆಯಣ್ಣನ ಭಾಷಣ. ದೇಶಕ್ಕೆಲ್ಲ ಅವನು ತೇಪೆಯಣ್ಣ, ನಿಜವಾದ ಹೆಸರು ಹೇಳಿದರೆ ಯಾರಪ್ಪಾ ಅದು ಎಂದು ಕೇಳುತ್ತಾರೆ. ಬೂದು ಕೋಟು, ಎಡ ಮೊಣಕೈಗೆ ಕಂದು ತೇಪೆ. ಮಾತಿನ ಮಧ್ಯೆ ಆ ಮೊಣಕೈಯನ್ನು ಕ್ಯಾಮೆರಾದ ಮುಂದೆ ಒಡ್ಡುತ್ತಾನೆ. “ನೋಡಿ, ನಿಮ್ಮ ತೋಳೂ ನನ್ನ ತೋಳೂ ಒಂದೇ!” ಜನ ಕೂಗುತ್ತಾರೆ. ಒಳಗಿನಿಂದ ಅಕ್ಕನೂ.

“ಬಾರೋ, ನಿನ್ನ ಕತ್ತರಿ ಎಲ್ಲೂ ಓಡಿ ಹೋಗಲ್ಲ” ಎಂದು ಕರೆದಳು. ಹೋಗಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವನು ಮೊಣಕೈ ಎತ್ತಿದಾಗಲೆಲ್ಲ ನನ್ನ ಕೈ ತಾನಾಗಿ ನನ್ನ ಮೊಣಕೈಗೆ ಹೋಗುತ್ತದೆ.

ಫೆಬ್ರವರಿ 6, ಗುರುವಾರ. ಮಧ್ಯಾಹ್ನ 3

ಸೆಂಟು ಬಂದಿದ್ದ. ತೇಪೆಯಣ್ಣನ ಕಾರ್ಯದರ್ಶಿ. ಅವನು ಬರುವುದಕ್ಕೆ ಮೊದಲು ಅವನ ಸೆಂಟು ಬರುತ್ತದೆ, ಹೋದ ಮೇಲೂ ಒಂದು ಗಂಟೆ ಕೂತಿರುತ್ತದೆ. ಅಕ್ಕ ಮಧ್ಯಾಹ್ನ ಮಲಗುವ ಹೊತ್ತು ನೋಡಿಕೊಂಡೇ ಬರುತ್ತಾನೆ. ಆ ಹೊತ್ತು ಹೇಳಿಕೊಟ್ಟವನು ನಾನೇ.

ಪ್ಲಾಸ್ಟಿಕ್ ಚೀಲದಲ್ಲಿ ಬೂದು ಕೋಟು. ಹೊಚ್ಚ ಹೊಸದು, ಕಾಲರಿನ ಟ್ಯಾಗು ಕೂಡ ಕಿತ್ತಿಲ್ಲ. ಉಣ್ಣೆ ಎಂದರೆ ಅದು ಉಣ್ಣೆ — ಮುಟ್ಟಿದರೆ ಕೈ ತೆಗೆಯಲು ಮನಸ್ಸಾಗುವುದಿಲ್ಲ. ಇದು ಹದಿನಾಲ್ಕನೆಯದು. ಮೊದಲು ಮೊಣಕೈಯನ್ನು ಮರಳು ಕಾಗದದಿಂದ ಉಜ್ಜಬೇಕು. ಆಮೇಲೆ ತೇಪೆ, ಕೈಹೊಲಿಗೆ, ಕೊಂಚ ಸೊಟ್ಟಗೆ. “ತುಂಬಾ ನೀಟಾಗಿ ಬೇಡ, ಬಡವರ ಮನೇಲಿ ಹಾಕಿದ ಹಾಗೆ ಇರ್ಲಿ” ಎಂದು ಸೆಂಟು ಮೊದಲ ದಿನವೇ ಹೇಳಿದ್ದ. ಎರಡು ವರ್ಷದ ಹಿಂದಿನ ಮಾತು. ನಕ್ಕುಬಿಟ್ಟಿದ್ದೆ ಆಗ. ಗಿರಾಕಿಯ ಒಳಲೈನಿಂಗಿನ ವಿಷಯ ಅಂಗಡಿಯ ಹೊರಗೆ ಆಡಬಾರದು — ಅಪ್ಪನ ನಿಯಮ. ಆಡಲಿಲ್ಲ. ಆಮೇಲೆ ಹೇಳೋಣವೆಂದರೆ, ಅಷ್ಟು ಹೊತ್ತಿಗೆ ಅಕ್ಕ ತೇಪೆಯಣ್ಣನನ್ನು ಮೆಚ್ಚಿಕೊಂಡಾಗಿತ್ತು.

“ಒಂದನೇ ತಾರೀಖು ದೊಡ್ಡ ಕಾರ್ಯಕ್ರಮ” ಎಂದ ಸೆಂಟು. “ಜನಕಾಸು ಬಿಡುಗಡೆ. ನೋಟೂ ಇಲ್ಲ ಬ್ಯಾಂಕೂ ಇಲ್ಲ, ಎಲ್ಲಾ ಫೋನಲ್ಲೇ. ಇಡೀ ದೇಶ ನೋಡುತ್ತೆ.”

“ಕಾಸು ಎಲ್ಲಿರುತ್ತೆ ಹಾಗಾದ್ರೆ?”

“ನಂಬಿಕೆಯಲ್ಲಿ” ಎಂದ. ಹೇಳುವಾಗ ತನ್ನ ವಾಚು ನೋಡಿಕೊಳ್ಳುತ್ತಿದ್ದ.

ಫೆಬ್ರವರಿ 9, ಭಾನುವಾರ

ಪ್ರೊಫೆಸರ್ ಪ್ಯಾಂಟಿಗೆ ಬಂದಿದ್ದರು. ಅರ್ಥಶಾಸ್ತ್ರ ಕಲಿಸುತ್ತಾರೆ, ಪತ್ರಿಕೆಗೆ ಬರೆಯುತ್ತಾರೆ. ಸೊಂಟ ಮೂವತ್ತಾರು ಎಂದು ಬರೆದುಕೋ ಎಂದರು. ನಲವತ್ತಿದೆ. ಮೂವತ್ತಾರು ಎಂದು ಬರೆದು ನಲವತ್ತು ಕತ್ತರಿಸುತ್ತೇನೆ, ಎಂದಿನಂತೆ.

ಜನಕಾಸಿನ ಮಾತು ಬಂತು. “ಗಾಳಿಗೋಪುರ ಕಣಯ್ಯಾ. ಆದ್ರೂ ಈ ಜನ ಹೋಗಿ ಬೀಳ್ತಾರೆ, ಕುರಿಗಳು. ಬುದ್ಧಿ ಅನ್ನೋದೇ ಇಲ್ಲ.”

ಅಕ್ಕ ಟೀ ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ನಮ್ಮ ಯಜಮಾನ್ರು ಹೋದಾಗ ಬ್ಯಾಂಕಿನೋರು ಹನ್ನೊಂದು ದಿನ ನನ್ನನ್ನ ಕಿಟಕಿ ಮುಂದೆ ನಿಲ್ಲಿಸಿದ್ರು ಸಾರ್. ನಮ್ಮದೇ ದುಡ್ಡಿಗೆ. ಮ್ಯಾನೇಜರ್ ತಲೆ ಕೂಡ ಎತ್ತಲಿಲ್ಲ. ಆಗ ಬುದ್ಧಿವಂತರೆಲ್ಲ ಎಲ್ಲಿಗೆ ಹೋಗಿದ್ರಿ?”

ಪ್ರೊಫೆಸರ್ ಟೀ ಕುಡಿದರು. ಅವರು ಹೇಳಿದ್ದು ಸರಿ ಎಂದು ಗೊತ್ತಿದ್ದರೂ ನನಗೆ ಅಕ್ಕನ ಮೇಲೇ ಹೆಮ್ಮೆಯಾಯಿತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಯಾರ್‍ಯಾರದೋ ಬೈಗುಳ ಕೇಳಿ “ದಯವಿಟ್ಟು ಕಾಯಿರಿ” ಎಂದವಳು. ಈಗ ಬಡ್ಡಿ ಸಮೇತ ವಾಪಸ್ ಕೊಡುತ್ತಿದ್ದಾಳೆ.

ಫೆಬ್ರವರಿ 14, ಶುಕ್ರವಾರ. ಬೆಳಿಗ್ಗೆ 11

ಕೆಲಸ ಬಿಟ್ಟು ಬರೆಯಲು ಕೂತೆ. ಬರೆದರಾದರೂ ಭಾರ ಇಳಿಯುತ್ತದೇನೋ.

ಬೆಳಿಗ್ಗೆ ಅಕ್ಕ ಫೋನ್ ತಂದು ಮೇಜಿನ ಮೇಲಿಟ್ಟಳು. “ಇದನ್ನ ಒತ್ತಿದ್ದೀನಿ. ನೋಡು, ಸರಿಯಾಗಿದೆಯಾ?” ಜನಕಾಸಿನ ಆ್ಯಪ್. ಬಿಡುಗಡೆಗೆ ಮೊದಲೇ ಸೇರಿದವರಿಗೆ ಒಂದಕ್ಕೆ ಒಂದೂವರೆಯಂತೆ. ಅವಳ ಗಂಟಿನಲ್ಲಿ ಅರ್ಧ ಅದರೊಳಗೆ ಹೋಗಿದೆ. ಭಾವ ಬಿಟ್ಟುಹೋದದ್ದು, ಅವಳ ನಿವೃತ್ತಿಯ ದುಡ್ಡು — ಎಲ್ಲ ಸೇರಿದ ಗಂಟು. ಉಳಿದರ್ಧ ಒಂದನೇ ತಾರೀಖು, ತೇಪೆಯಣ್ಣ ವೇದಿಕೆಯಿಂದ “ಒತ್ತಿ” ಎಂದಾಗ ಒತ್ತುತ್ತಾಳಂತೆ.

“ಯಾಕಕ್ಕಾ? ನಿಂಗೇನು ಕಮ್ಮಿಯಾಗಿದೆ?”

“ಕಮ್ಮಿಯಾಗಿರೋದು ನಿಂಗೆ. ಈ ಅಂಗಡಿ ಮಾರ್ತಾರಂತೆ, ಓನರ್ ಹೇಳಿದ. ನಿನ್ನ ಹೆಸರಲ್ಲಿ ತಗೊಳ್ತೀನಿ. ಗಂಟು ಈಗಿರೋದು ಸಾಲಲ್ಲ, ಒಂದೂವರೆ ಆದ್ರೆ ಸಾಕು.”

ನನಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ಹಾಸಿಗೆ ಹಿಡಿದರು. ಅಕ್ಕನಿಗೆ ಇಪ್ಪತ್ತೊಂದು. ಹಗಲು ಎಕ್ಸ್‌ಚೇಂಜ್, ಸಂಜೆ ಇದೇ ಮೇಜು. ನನ್ನ ಕೈಗೆ ಸೂಜಿ ಕೊಟ್ಟವಳು ಅವಳು. ತೇಪೆಯ ನಾಲ್ಕು ಮೂಲೆಗೂ ಒಂದೊಂದು ಅಡ್ಡ ಹೊಲಿಗೆ, ಎರಡು ಸುತ್ತು, ಅರ್ಧ ಗಂಟು. ಅಡ್ಡಾದಿಡ್ಡಿ ಬಂದರೆ ಬಿಚ್ಚಿ “ಮತ್ತೆ ಹಾಕು” ಎನ್ನುತ್ತಿದ್ದಳು. ಬೈಯಲಿಲ್ಲ ಒಂದು ದಿನವೂ. ಬಿಚ್ಚುತ್ತಿದ್ದಳು, ಅಷ್ಟೇ.

ಈಗ ಐವತ್ತೆರಡಾಯಿತು ನನಗೆ. ಇನ್ನೂ ನನಗಾಗಿಯೇ ಗಂಟು ಬಿಚ್ಚುತ್ತಿದ್ದಾಳೆ.

ಹೇಳಬೇಕು. ಇವತ್ತೇ. ಆ ಕೋಟು ಹರಿದದ್ದಲ್ಲ ಎಂದು. ಬಾಯಿ ತೆರೆದೆ. “ಟೀ ಇದೆಯಾ” ಎಂದು ಕೇಳಿದೆ.

ಅದೇ ದಿನ, ಸಂಜೆ 6

ತೇಪೆ ಹಾಕಿ ಮುಗಿಸಿದೆ. ಸೆಂಟು ಬಂದು ನೋಡದೆಯೇ ಚೀಲಕ್ಕೆ ತುರುಕಿಕೊಂಡು ಹೋದ.

ಫೆಬ್ರವರಿ 15, ಶನಿವಾರ

ಮೇಜು ಒರೆಸುವಾಗ ಹೊಳೆಯಿತು. ಸೀಮೆಸುಣ್ಣದ ಗುರುತು ಹಾಕಿರಲಿಲ್ಲ.

ತೋಳಿಗೆ ಕೈಹೊಲಿಗೆ ಹಾಕಬೇಕಾದರೆ ಕೋಟನ್ನು ಒಳಮೈ ಹೊರಗೆ ಮಾಡಿ ಮೇಜಿನ ಮೇಲೆ ಬೋರಲು ಹಾಸುತ್ತೇವೆ. ಆಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಅದಕ್ಕೇ ಮೊದಲು ಬೇಕಾದ ತೋಳಿನ ಮೇಲೆ ದರ್ಜಿಯ ಸೀಮೆಸುಣ್ಣದಿಂದ ಒಂದು ಗೀಟು ಎಳೆದು ಆಮೇಲೆ ತಿರುಗಿಸಬೇಕು. ಕಲಿಯುವ ಹುಡುಗರು ಮರೆಯುತ್ತಾರೆ. ನಲವತ್ತಮೂರು ವರ್ಷದಲ್ಲಿ ನಾನು ಮರೆತದ್ದಿಲ್ಲ.

ತೇಪೆ ಬಲ ಮೊಣಕೈಗೆ ಹೋಗಿದೆ.

ಸೆಂಟುವಿಗೆ ಫೋನ್ ಮಾಡಬೇಕು. ನಂಬರ್ ತೆಗೆದೆ. ಇಟ್ಟೆ. ಮತ್ತೆ ತೆಗೆದೆ… ಅವನಿಗೂ ಕಾಣುವುದಿಲ್ಲ, ಅವನ ಯಜಮಾನನಿಗೂ ಕಾಣುವುದಿಲ್ಲ. ಸ್ವಂತ ಮೊಣಕೈ ಯಾರಿಗೂ ಕಾಣುವುದಿಲ್ಲ. ಕಂಡರೆ ಒಬ್ಬಳಿಗೆ ಕಂಡೀತು.

ನಿನ್ನೆ ಕೈ ತಪ್ಪಿತೋ, ಮನಸ್ಸೇ ಕೈಗೆ ಹೇಳಿತೋ? ಗೊತ್ತಿಲ್ಲ. ದೇವರಾಣೆಗೂ ಗೊತ್ತಿಲ್ಲ. ಫೋನ್ ಮಾಡಲಿಲ್ಲ ಎನ್ನುವುದು ಮಾತ್ರ ಗೊತ್ತು. ಇಷ್ಟು ವಯಸ್ಸಾಗಿ, ಅಕ್ಕನಿಗೆ ಒಂದು ಮಾತು ಹೇಳಲಾಗದೆ ಟಿವಿ ಹೇಳಲಿ ಎಂದು ಕಾಯುತ್ತಿದ್ದೇನೆ. ನಾಚಿಕೆಯಾಗುತ್ತದೆ.

ಫೆಬ್ರವರಿ 27, ಗುರುವಾರ

ಹನ್ನೆರಡು ದಿನ ಬರೆದಿಲ್ಲ. ಬರೆಯುವುದೇನಿತ್ತು… ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದು ಏಳುತ್ತೇನೆ. ದಿನಾ ಸಂಜೆ ಮದುವಣಿಗನ ಲೈನಿಂಗ್.

ಅಕ್ಕ ಹುರುಪಿನಲ್ಲಿದ್ದಾಳೆ. ಅಂಗಡಿಯ ಗೋಡೆಗೆ ಯಾವ ಬಣ್ಣ ಎಂದು ಕೇಳಿದಳು. ನಿನಗೆ ಬೇಕಾದ್ದು ಎಂದೆ. “ನಿನ್ನ ಅಂಗಡಿ ಕಣೋ ಪೆದ್ದೇ” ಎಂದು ಟೇಪಿನಿಂದ ಮೆಲ್ಲಗೆ ಹೊಡೆದಳು.

ಮಾರ್ಚ್ 1, ಶನಿವಾರ. ಬೆಳಿಗ್ಗೆ 11.40

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಹತ್ತು ಗಂಟೆಗೆ ಇಬ್ಬರೂ ಟಿವಿ ಮುಂದೆ ಕೂತೆವು. ಅಕ್ಕನ ತೊಡೆಯ ಮೇಲೆ ಫೋನು, ಹೆಬ್ಬೆರಳು ಗುಂಡಿಯ ಮೇಲೆ. ತೇಪೆಯಣ್ಣ ಬಂದ. ದೊಡ್ಡವರ ಬ್ಯಾಂಕು, ದೊಡ್ಡವರ ನೋಟು, ಇನ್ನು ಮುಂದೆ ನಿಮ್ಮ ಕಾಸು ನಿಮ್ಮ ಅಂಗೈಯಲ್ಲಿ — ಒಳ್ಳೆಯ ದನಿ ಅವನದು, ಒಂದು ಕ್ಷಣ ನನಗೂ ಹೌದಲ್ಲ ಎನಿಸಿತು. ಆಮೇಲೆ “ನೋಡಿ ನನ್ನ ತೋಳು!” ಎಂದು ಎಡ ಮೊಣಕೈ ಎತ್ತಿದ.

ಬರೀ ಬೂದು ಬಟ್ಟೆ. ಹೊಳೆಯುವ, ಹೊಸ, ನುಣ್ಣನೆಯ ಬೂದು ಬಟ್ಟೆ.

ಜನ ಕೂಗಿದರು. ಎಂದಿನ ಹಾಗೇ ಕೂಗಿದರು. ಒಬ್ಬರೂ ನೋಡಲಿಲ್ಲ. ಅವನು ಆ ಕಡೆ ತಿರುಗಿ ಕೈ ಬೀಸಿದಾಗ ಬಲ ಮೊಣಕೈಯ ತೇಪೆ ಕಾಣಿಸಿತು. “ಒತ್ತಿ!” ಎಂದ.

ಅಕ್ಕ ಒತ್ತಲಿಲ್ಲ. ಕನ್ನಡಕ ತೆಗೆದು ಸೀರೆಯಂಚಿನಿಂದ ಒರೆಸಿ ಹಾಕಿಕೊಂಡಳು. ನೋಡಿದಳು. ಆಮೇಲೆ ಟಿವಿಯ ದನಿ ಬಂದ್ ಮಾಡಿದಳು.

“ಎಷ್ಟು ಕೋಟು ಅವನ ಹತ್ರ?”

“ಹದಿನಾಲ್ಕು.” ಎಷ್ಟು ಸಲೀಸಾಗಿ ಬಂತು ಬಾಯಿಂದ.

“ಮೊದಲನೇದು? ಅದಾದ್ರೂ ಹರಿದಿತ್ತಾ?”

“ಇಲ್ಲ ಅಕ್ಕ. ಅದೂ ಹೊಸದೇ.” ಆಮೇಲೆ ಕೇಳಿದೆ, “ನಾನು ಅಂತ ನಿಂಗೆ ಹೇಗೆ…?”

“ಮೂಲೆ ಹೊಲಿಗೆ ಗೊತ್ತಾಗಲ್ವೇನೋ? ಹೇಳಿಕೊಟ್ಟೋಳು ನಾನು. ಎರಡು ವರ್ಷದ ಹಿಂದೆ ಮೊದಲನೇ ಸಲ ಟಿವಿಲಿ ಕಂಡಾಗಲೇ ಗೊತ್ತಾಯ್ತು. ಅಷ್ಟು ದೊಡ್ಡ ಮನುಷ್ಯ, ಹರಿದ ಕೋಟು ಎಸೀದೆ ನನ್ನ ತಮ್ಮನ ಹತ್ರ ತಂದು ಹೊಲಿಸ್ಕೊಂಡ ಅಂದ್ಕೊಂಡೆ. ಹೇಳ್ಕೊಂಡು ಮೆರೆಯೋ ಪೈಕಿ ಅಲ್ಲ ನೀನು, ಅದಕ್ಕೇ ನಾನೂ ಕೇಳಲಿಲ್ಲ.” ಫೋನನ್ನು ಬೋರಲು ಹಾಕಿದಳು. “ಅವನ ಮಾತು ಯಾರು ನಂಬಿದ್ರು? ನಾನು ನಂಬಿದ್ದು ಆ ಹೊಲಿಗೇನ.”

ಎದ್ದು ಹಿತ್ತಲ ಬಾಗಿಲಿಗೆ ಹೋಗಿ ನಿಂತಿದ್ದಾಳೆ. ಇನ್ನೂ ಅಲ್ಲೇ ಇದ್ದಾಳೆ.

ಮಾರ್ಚ್ 5, ಬುಧವಾರ

ಮಾತಿಲ್ಲ. ಟೀ ಬರುತ್ತದೆ, ಊಟ ಬರುತ್ತದೆ, ಮಾತು ಬರುವುದಿಲ್ಲ. ಟಿವಿಯೂ ಬಾಯಿ ಮುಚ್ಚಿದೆ.

ಒಳಗೆ ಹೋದ ಅರ್ಧ ಗಂಟನ್ನು ವಾಪಸ್ ತೆಗೆಯಲು ನೋಡಿದೆ. ಆ್ಯಪಿನಲ್ಲಿ ಒಂದು ಚಕ್ರ ತಿರುಗುತ್ತದೆ, ಕೆಳಗೆ “ದಯವಿಟ್ಟು ಕಾಯಿರಿ”. ಅಕ್ಕನಿಗೆ ತೋರಿಸಿದೆ. ನಾಲ್ಕು ದಿನದಲ್ಲಿ ಮೊದಲ ಸಲ ಮಾತಾಡಿದಳು. “ಅದರರ್ಥ ನಂಗೆ ಗೊತ್ತು. ಮೂವತ್ತು ವರ್ಷ ನಾನೇ ಹೇಳ್ತಿದ್ದೆ. ಲೈನ್ ಸಿಗಲ್ಲ ಅಂತ.”

ನಗು ಬಂತು ಇಬ್ಬರಿಗೂ. ಅವಳದು ಬೇಗ ನಿಂತಿತು.

“ದುಡ್ಡು ಅವನು ತಿಂದ, ಹೋಗ್ಲಿ. ಬಾಯಿ ಬಿಟ್ಟು ಒಂದು ಮಾತು ನೀನು ಹೇಳ್ಬೇಕಿತ್ತು.”

ಹೇಳಬೇಕಿತ್ತು. ತಪ್ಪಾಯಿತು ಅಕ್ಕ ಎಂದೆ, ಒಂಬತ್ತು ವರ್ಷದವನ ಹಾಗೆ.

ಮಾರ್ಚ್ 11, ಮಂಗಳವಾರ. ಮಧ್ಯಾಹ್ನ

ಪ್ರೊಫೆಸರ್ ಪ್ಯಾಂಟು ಒಯ್ಯಲು ಬಂದರು. ಜನಕಾಸು ಮುಳುಗಿದ ಸುದ್ದಿ ಹೊತ್ತೇ ಬಂದಿದ್ದರು. ನಾನು ಹೇಳಿರಲಿಲ್ವಾ ಎಂದು ಶುರು ಮಾಡಿದರು. ಅಕ್ಕ ಎದ್ದು ಒಳಗೆ ಹೋದದ್ದು ಕಂಡು ಅರ್ಧಕ್ಕೆ ನಿಲ್ಲಿಸಿದರು. ಅಷ್ಟು ಮಟ್ಟಿಗೆ ಒಳ್ಳೆಯವರೇ. ಹೋಗುವಾಗ ನಾನೇ ಕರೆದು ಹೇಳಿದೆ, “ಸಾರ್, ಸೊಂಟ ನಲವತ್ತು. ಇನ್ಮೇಲೆ ನಲವತ್ತು ಅಂತಲೇ ಬರ್‍ಕೊಳ್ತೀನಿ.” ಅವರ ಮುಖ ಕೆಂಪಾಯಿತು. ಹಿಂದಿನ ಕೋಣೆಯಲ್ಲಿ ಯಾರೋ ಕೆಮ್ಮಿದ ಹಾಗೆ ನಕ್ಕರು.

ಮಾರ್ಚ್ 13, ಗುರುವಾರ. ಮಧ್ಯಾಹ್ನ 3

ಸೆಂಟು ಬಂದ. ಹದಿನೈದನೆಯ ಕೋಟು. ಜನಕಾಸನ್ನು ಮುಳುಗಿಸಿದ್ದು ದೊಡ್ಡವರ ಸಂಚು ಎಂದು ತೇಪೆಯಣ್ಣ ಊರೂರು ಸುತ್ತಿ ಹೇಳುತ್ತಾನಂತೆ, ಈ ಸಲ ಎರಡೂ ಮೊಣಕೈಗೆ ತೇಪೆ ಬೇಕಂತೆ.

ಅಕ್ಕ ಮಲಗಿರಲಿಲ್ಲ. ಬಂದು ನನ್ನ ಪಕ್ಕದಲ್ಲಿ ನಿಂತಳು. ಕೋಟನ್ನು ಎತ್ತಿ ಬೆಳಕಿಗೆ ಹಿಡಿದು ಎರಡೂ ತೋಳು ನೋಡಿದಳು, ಗಿರಾಕಿಯ ಬಟ್ಟೆ ನೋಡುವ ಹಾಗೇ, ಗೌರವದಿಂದ. ಆಮೇಲೆ ನೀಟಾಗಿ ಮಡಚಿ ಅವನ ಕೈಗಿಟ್ಟಳು.

“ಇದು ಹರಿದಿಲ್ಲಪ್ಪಾ. ಹರಿದ ಮೇಲೆ ತಗೊಂಡು ಬಾ.”

ಸೆಂಟು ನನ್ನ ಮುಖ ನೋಡಿದ. “ಅಕ್ಕ ಹೇಳಿದ ಹಾಗೆ” ಎಂದೆ. ಹೋದ. ಅಕ್ಕ ಬಾಗಿಲು, ಕಿಟಕಿ ಎರಡೂ ತೆರೆದಿಟ್ಟಳು, ವಾಸನೆ ಹೋಗಲಿ ಎಂದು.

ಮಾರ್ಚ್ 16, ಭಾನುವಾರ. ಸಂಜೆ 5

ಅಂಗಡಿ ಮಾರಾಟವಾಯಿತು, ಬೇರೆ ಯಾರಿಗೋ. ತಿಂಗಳ ಕೊನೆಗೆ ಖಾಲಿ ಮಾಡಬೇಕು. ಯಂತ್ರ, ಮೇಜು, ಇಸ್ತ್ರಿ — ಎಲ್ಲ ಹಿಂದಿನ ಬೀದಿಯ ಒಂದು ಕೋಣೆಗೆ. ಉಳಿದರ್ಧ ಗಂಟು ಮುಂಗಡಕ್ಕೆ ಸಾಕು. ಗೋಡೆಗೆ ತಿಳಿ ಹಸಿರು ಎಂದು ಅಕ್ಕ ಆಗಲೇ ತೀರ್ಮಾನಿಸಿದ್ದಾಳೆ. ನನ್ನನ್ನು ಕೇಳಲಿಲ್ಲ. ಕೇಳದಿದ್ದದ್ದಕ್ಕೆ ಎಷ್ಟು ಸಂತೋಷವಾಯಿತು ಎಂದು ಹೇಳಲಾರೆ.

ಮಧ್ಯಾಹ್ನ ತನ್ನ ಬಟ್ಟೆಯ ಚೀಲ ತಂದು ಮುಂದೆ ಹಾಕಿದಳು. ಪಾಸ್‌ಬುಕ್ ಇಟ್ಟುಕೊಂಡು ಬ್ಯಾಂಕಿಗೆ ಅಲೆದ ಚೀಲ. ತಳ ನಿಜಕ್ಕೂ ಹರಿದಿದೆ. “ತೇಪೆ ಹಾಕು” ಎಂದಳು.

ಹಾಕಿದೆ. ಕನ್ನಡಕ ಹಾಕಿಕೊಂಡು ಮೂಲೆ ನೋಡಿದಳು. ಏನೂ ಹೇಳದೆ ಬಿಚ್ಚಿದಳು. “ಮತ್ತೆ ಹಾಕು.” ಮತ್ತೆ ಹಾಕಿದೆ. ಎರಡು ವರ್ಷ ಬೇಕೆಂದೇ ಸೊಟ್ಟಗೆ ಹೊಲಿದು ಕೈಗೆ ಅದೇ ಅಭ್ಯಾಸವಾಗಿದೆ, ನನಗೇ ಗೊತ್ತಾಗಿರಲಿಲ್ಲ. ಮೂರನೆಯದನ್ನೂ ಬಿಚ್ಚಿದಳು. ಈಗ ನಾಲ್ಕನೆಯದು ಹಾಕಿ ಅವಳ ಕೈಗೆ ಕೊಟ್ಟು ಬರೆಯುತ್ತ ಕೂತಿದ್ದೇನೆ. ಕಿಟಕಿಯ ಹತ್ತಿರ ಹಿಡಿದು ನೋಡುತ್ತಿದ್ದಾಳೆ. ಒಂದು ಮೂಲೆ ಆಯಿತು. ಎರಡು. ಮೂರನೆಯದನ್ನು ಉಗುರಿನಿಂದ ಎಳೆದು ನೋಡಿದಳು, ಹೊಲಿಗೆ ಬಿಡಲಿಲ್ಲ. ನಾಲ್ಕನೆಯದಕ್ಕೆ ಬಂದು ನನ್ನ ಕಡೆ ತಿರುಗಿ, ಬಿಚ್ಚದೆ, ಪಾಸ್‌ಬುಕ್ಕನ್ನು ಚೀಲದೊಳಗಿಟ್ಟಳು.