ಸೊಪ್ಪು ಬಿಟ್ಟ ಆಮೆ

ಗೌರಿಬಿದನೂರು, ಶುಕ್ರವಾರ

ತನುಜಮ್ಮ,

ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಲಾರಿ ಚಕ್ರದ ಹತ್ತಿರದಿಂದ ನೀನು ಎತ್ತಿ ತಂದ ಆಮೆ ಸೋಮವಾರ ಸತ್ತುಹೋಯಿತು. ಎಂಟು ದಿನದಿಂದ ಸೊಪ್ಪು ಮುಟ್ಟದೆ ಮೂಲೆಯಲ್ಲಿ ಕೂತಿತ್ತು. ನಮ್ಮ ರೇಷ್ಮೆಹುಳುಗಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಕೂರುತ್ತವೆ, ಆಗ ಮುಟ್ಟಬಾರದು. ಇದೂ ಹಾಗೇ, ತಾನೇ ಎದ್ದೀತು ಎಂದು ಸುಮ್ಮನಿದ್ದೆ. ಪಶು ಆಸ್ಪತ್ರೆಗೂ ಒಯ್ಯಲಿಲ್ಲ. ನಿಮ್ಮಣ್ಣ ಊಟ ಬಿಟ್ಟು ಬಾಗಿಲು ಹಾಕಿಕೊಂಡಾಗಲೂ ಸುಮ್ಮನೇ ಇದ್ದೆನಲ್ಲ. ಆಮೆಯನ್ನು ಅವನ ಸಮಾಧಿಯ ಪಕ್ಕದಲ್ಲೇ ಹೂತೆ.

ನೀನೂ ನಾಲ್ಕು ದಿನದಿಂದ ಉಣ್ಣುತ್ತಿಲ್ಲವೆಂದು ನಿನ್ನ ಗೆಳತಿ ರೂಪ ಹೇಳಿದಳು. ಅವಳನ್ನು ಬೈಯಬೇಡ. ಈ ಕಾಗದವನ್ನು ನಾನೇ ಬಂದು ನಿನ್ನ ಹಾಸ್ಟೆಲ್ ಕೋಣೆಯ ಬಾಗಿಲ ಕೆಳಗೆ ತೂರಿಸಿ ಅಲ್ಲೇ ಹೊರಗೆ ಕೂತಿರುತ್ತೇನೆ. ಮುದ್ದೆ, ಬಸ್ಸಾರು ತಂದಿದ್ದೇನೆ. ಬಾಗಿಲು ತೆಗಿ, ತಾಯಿ.

ನಿನ್ನ ಅಮ್ಮ